ತೋಡಿನ ನೀರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ: ಕೊಡಗಿನ ಮನೆಯವರು ಏನೇನು ಮಾಡ್ಬಹುದು

ಮಳೆ ಹಿಡಿಯೋ ಹೊತ್ತಿಗೆ ಪ್ರತಿ ವರ್ಷ ಅದೇ ಪ್ರಶ್ನೆ ಬರುತ್ತೆ. ಮನೆ ಹಿಂದೆ ತೋಡು (ಸಣ್ಣ ಹಳ್ಳ) ಇದೆ, ಬಾವಿಗೂ ಅದಕ್ಕೂ ಅಷ್ಟೇನು ದೂರ ಇಲ್ಲ, ಆಂಟಿಬಯೋಟಿಕ್‌ಗೆ ಸಾಯದ ಬ್ಯಾಕ್ಟೀರಿಯಾ ನದೀಲಿ ಇದೆ ಅಂತ ಪೇಪರಲ್ಲಿ ಬರ್ತಾ ಇದೆ, ನಮ್ಮ ನೀರಲ್ಲೂ ಇದ್ಯಾ, ಎಲ್ಲಿ ಟೆಸ್ಟ್ ಮಾಡಿಸೋದು, ಕುಡಿದ್ರೆ ಏನಾಗುತ್ತೆ. ನಾನು ಲ್ಯಾಬ್ ಟೆಕ್ನಿಷಿಯನ್, ದಿನಾ ಕಲ್ಚರ್ ಪ್ಲೇಟ್, ಅಂದ್ರೆ ಬ್ಯಾಕ್ಟೀರಿಯಾ ಬೆಳೆಸೋ ತಟ್ಟೆ, ನೋಡೋದೇ ಕೆಲಸ, ಮನೆ ಸಿದ್ದಾಪುರದ ಕಡೆ, ಹಾಗಾಗಿ ಗೊತ್ತಿರೋರೆಲ್ಲ ನನ್ನನ್ನೇ ಕೇಳ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳೋ ಬದಲು ಎಲ್ಲಾನೂ ಒಂದೇ ಕಡೆ ಬರೆದಿಡ್ತಾ ಇದ್ದೀನಿ.

ಮುಖ್ಯವಾದ ಮಾತು ಮೊದಲೇ ಹೇಳ್ಬಿಡ್ತೀನಿ. ನೀರಲ್ಲಿರೋ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುತ್ತೋ ಇಲ್ವೋ ಅಂತ ಮನೇಲಿ ಕೂತು ಕಂಡುಹಿಡಿಯೋಕೆ ಆಗಲ್ಲ. ಆದ್ರೆ ಅದು ತೋಡಿಗೆ ಬರೋ ದಾರಿ ಇದ್ಯಲ್ಲ, ಅದು ಕಣ್ಣಿಗೆ ಕಾಣುತ್ತೆ. ಹೆಚ್ಚಿನ ಸಲ ಅದು ಮನುಷ್ಯರ ಮಲ, ಇಲ್ಲಾ ಹಂದಿ ಕೋಳಿ ದನದ ಗೊಬ್ಬರ. ಆ ದಾರಿ ಹುಡುಕಿ ಮುಚ್ಚೋದು ನಮ್ಮ ಕೈಯಲ್ಲಿರೋ ಕೆಲಸ, ಕೆಳಗೆ ಬರೆದಿರೋದೆಲ್ಲ ಅದಕ್ಕೇ.

ಮೊದಲು ಒಂದೆರಡು ಪದ ಗೊತ್ತಿರಲಿ

ಆಂಟಿಬಯೋಟಿಕ್ ಅಂದ್ರೆ ಬ್ಯಾಕ್ಟೀರಿಯಾ ಸಾಯಿಸೋ ಇಲ್ಲಾ ಬೆಳೆಯದಂಗೆ ತಡೆಯೋ ಔಷಧಿ. ಅಮಾಕ್ಸಿಸಿಲಿನ್, ಸಿಪ್ರೋಫ್ಲಾಕ್ಸಾಸಿನ್, ಅಜಿತ್ರೋಮೈಸಿನ್ ಎಲ್ಲ ಅದೇ. ರೆಸಿಸ್ಟೆನ್ಸ್ ಅಂದ್ರೆ ಆ ಔಷಧಿ ಹಾಕಿದ್ರೂ ಬ್ಯಾಕ್ಟೀರಿಯಾ ಬದುಕಿ ಬೆಳೆಯೋದು. ತುಂಬಾ ಜನ "ನನ್ನ ದೇಹಕ್ಕೆ ಔಷಧಿ ಅಭ್ಯಾಸ ಆಗ್ಬಿಟ್ಟಿದೆ" ಅಂತಾರೆ, ಅದು ತಪ್ಪು, ಬದಲಾಗಿರೋದು ನಿಮ್ಮ ದೇಹ ಅಲ್ಲ, ಬ್ಯಾಕ್ಟೀರಿಯಾ. ಅದಕ್ಕೇ ಜೀವನದಲ್ಲಿ ಒಂದು ಮಾತ್ರೆ ತಗೊಳ್ಳದವರಿಗೂ ಬಗ್ಗದ ಬ್ಯಾಕ್ಟೀರಿಯಾ ಅಂಟಬಹುದು.

ನದಿ ತೋಡು ಇದರೊಳಗೆ ಯಾಕೆ ಬಂತು ಅಂದ್ರೆ, ನಾವು ನುಂಗಿದ ಆಂಟಿಬಯೋಟಿಕ್‌ನಲ್ಲಿ ಒಳ್ಳೇ ಭಾಗ ಕರಗದೆ ಹಾಗೇ ಮಲ ಮೂತ್ರದಲ್ಲಿ ಹೊರಗೆ ಹೋಗುತ್ತೆ, ಅದರ ಜೊತೆ ಹೊಟ್ಟೇಲಿ ಬದುಕುಳಿದ ಬಗ್ಗದ ಬ್ಯಾಕ್ಟೀರಿಯಾನೂ ಹೋಗುತ್ತೆ. ಬ್ಯಾಕ್ಟೀರಿಯಾಗಳ ಹತ್ರ ಪ್ಲಾಸ್ಮಿಡ್ ಅಂತ ಒಂದು ಸಣ್ಣ ಉಂಗುರದಂಥ ಡಿಎನ್ಎ ತುಂಡು ಇರುತ್ತೆ, ಔಷಧಿಯಿಂದ ತಪ್ಪಿಸ್ಕೊಳ್ಳೋ ಉಪಾಯ ಎಷ್ಟೋ ಸಲ ಅದರಲ್ಲೇ ಬರೆದಿರುತ್ತೆ, ಪಕ್ಕದ ಬ್ಯಾಕ್ಟೀರಿಯಾಕ್ಕೆ ಅದರ ನಕಲು ದಾಟಿಸಿಬಿಡುತ್ತೆ, ಬೇರೆ ಜಾತಿ ಆದ್ರೂ ಸರಿ. ತೋಡಿನ ಕಲ್ಲಿನ ಮೇಲೆ ಕೈಗೆ ಲೋಳೆ ಲೋಳೆ ಅಂತ ಸಿಗುತ್ತಲ್ಲ, ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಒತ್ತೊತ್ತಾಗಿ ಕೂತಿರುತ್ತೆ, ಈ ಕೊಡುಕೊಳ್ಳೋ ವ್ಯವಹಾರಕ್ಕೆ ಅದಕ್ಕಿಂತ ಒಳ್ಳೇ ಜಾಗ ಬೇಕಾ.

ಇದು ಹೆದರಿಸೋಕೆ ಹೇಳೋ ಮಾತಲ್ಲ. 2011ರಲ್ಲಿ ಪ್ರಕಟ ಆದ ಒಂದು ಅಧ್ಯಯನದಲ್ಲಿ ದೆಹಲಿ ರಸ್ತೆ ಬದಿಯಲ್ಲಿ ನಿಂತ ನೀರಿನ 171 ಸ್ಯಾಂಪಲ್‌ನಲ್ಲಿ 51ರಲ್ಲಿ, ನಲ್ಲಿ ನೀರಿನ 50ರಲ್ಲಿ 2ರಲ್ಲಿ ಎನ್‌ಡಿಎಂ-1 ಅನ್ನೋ ಜೀನ್ ಸಿಕ್ಕಿತ್ತು. ಆಸ್ಪತ್ರೇಲಿ ಕೊನೆಗೆ ಅಂತ ಇಟ್ಕೊಂಡಿರೋ ಕಾರ್ಬಪೆನೆಮ್ ಔಷಧಿಗಳನ್ನೂ ಕೆಲಸಕ್ಕೆ ಬಾರದಂಗೆ ಮಾಡೋ ಜೀನ್ ಅದು. 2007ರಲ್ಲಿ ಪ್ರಕಟ ಆದ ಇನ್ನೊಂದು ಅಧ್ಯಯನದ ಪ್ರಕಾರ ಹೈದರಾಬಾದ್ ಹತ್ರದ ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಗಳ ಕೊಳಚೆ ಶುದ್ಧ ಮಾಡಿ ಬಿಟ್ಟ ನೀರಲ್ಲಿ ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೋಫ್ಲಾಕ್ಸಾಸಿನ್ ಇತ್ತು, ಮಾತ್ರೆ ತಗೊಳ್ಳೋ ರೋಗಿಯ ರಕ್ತದಲ್ಲಿ ಇರೋದಕ್ಕಿಂತ ಜಾಸ್ತಿ. ನಮ್ಮ ಕಾವೇರೀಲೂ, ತಮಿಳುನಾಡಿನ ಭಾಗದಲ್ಲಿ, ಐಐಟಿ ಮದ್ರಾಸ್‌ನವರು ಔಷಧಿ ಅಂಶಗಳನ್ನ ಅಳೆದಿದ್ದಾರೆ. ಇಡೀ ಜಗತ್ತಲ್ಲಿ 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ನೇರವಾಗಿ ಸತ್ತವರು ಸುಮಾರು 12 ಲಕ್ಷ 70 ಸಾವಿರ ಅಂತ ಅಂದಾಜು. ತಲಕಾವೇರೀಲಿ ತೀರ್ಥ ತಗೊಂಡು ಬಂದು ಅದೇ ಹೊಳೆಗೆ ಕುಶಾಲನಗರ ದಾಟೋದ್ರೊಳಗೆ ಎಷ್ಟು ಪೈಪು ಬಿಟ್ಟಿದ್ದೀವಿ ಅಂತ ಯೋಚನೆ ಮಾಡಿದ್ರೆ ನನಗಂತೂ ಸಂಕಟ ಆಗುತ್ತೆ.

1. ತೋಡಿನ ಗುಂಟ ಮೇಲಕ್ಕೆ ನಡೀರಿ

ಟೆಸ್ಟ್ ಆಮೇಲೆ, ಮೊದಲು ಕಾಲಿಗೆ ಗಂಬೂಟ್ ಹಾಕಿ. ಮಳೆ ಕಮ್ಮಿ ಇರೋ ದಿನ ನೋಡ್ಕೊಂಡು ನಿಮ್ಮ ಬಾವಿ ಇಲ್ಲಾ ಮೋಟರ್ ಇಟ್ಟಿರೋ ಜಾಗದಿಂದ ಮೇಲ್ಗಡೆಗೆ ಒಂದು ಕಿಲೋಮೀಟರ್ ಆದ್ರೂ ನಡೀರಿ. ಇಬ್ಬರು ಹೋಗಿ, ಆನೆ ಓಡಾಡೋ ಕಡೆ ಆದ್ರೆ ಬೆಳಕು ಚೆನ್ನಾಗಿ ಬಂದ ಮೇಲೆ, ತೋಟದವರಿಗೆ ಹೇಳಿ ಹೋಗಿ. ಒಂದು ಹಾಳೇಲಿ ತೋಡಿನ ಗೆರೆ ಎಳ್ಕೊಂಡು ಏನು ಕಂಡ್ರೂ ಗುರುತು ಹಾಕಿ: ಲೈನ್ ಮನೆಗಳ (ತೋಟದ ಕೆಲಸದವರ ಸಾಲು ಮನೆ) ಕಕ್ಕಸು, ಹೋಂಸ್ಟೇ, ಹಂದಿ ಶೆಡ್, ಕೋಳಿ ಫಾರಂ, ಗೊಬ್ಬರ ಗುಂಡಿ, ಶುಂಠಿ ಹಾಕಿರೋ ಗದ್ದೆ, ಕ್ಲಿನಿಕ್, ಬಟ್ಟೆ ಒಗೆಯೋ ಕಲ್ಲು, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ).

ವಿಶೇಷವಾಗಿ ನೋಡ್ಬೇಕಾದ್ದು ಪೈಪು. ಸೆಪ್ಟಿಕ್ ಟ್ಯಾಂಕ್ ಇದೆ ಅಂತ ಎಲ್ಲರೂ ಹೇಳ್ತಾರೆ, ಟ್ಯಾಂಕಿಂದ ಹೊರಗೆ ಬಂದ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ರೆ ಮಾತಿಲ್ಲ, ಏಲಕ್ಕಿ ಗಿಡದ ಮಧ್ಯೆ ನಾಲ್ಕಿಂಚಿನ ಪಿವಿಸಿ ಪೈಪು ಮೂತಿ ಹಾಕಿರುತ್ತೆ. ಪೈಪು ಮುಚ್ಚಿಟ್ಟಿದ್ರೂ ಗುರುತು ಸಿಗುತ್ತೆ. ಅಲ್ಲಿಂದ ಕೆಳಗೆ ಕಲ್ಲುಗಳ ಮೇಲೆ ಬೂದು ಬಣ್ಣದ ನೆನೆದ ಹತ್ತಿ ಥರ ಎಳೆ ಎಳೆಯಾಗಿ ಲೋಳೆ ಹಿಡಿದು ನೀರಿನ ಜೊತೆ ಅಲ್ಲಾಡ್ತಾ ಇರುತ್ತೆ, ಮೇಲ್ಗಡೆ ಹತ್ತು ಹೆಜ್ಜೆ ಹೋದ್ರೆ ಅದೇ ಕಲ್ಲು ಸ್ವಚ್ಛ, ಅಡಿ ತಿರುಗಿಸಿದ್ರೆ ಸಣ್ಣ ಹುಳ ಏಡಿಮರಿ ಓಡುತ್ತೆ. ಆ ಬೂದು ಲೋಳೆ ಕಂಡ್ರೆ ಕೊಳಚೆ ಸೇರ್ತಿದೆ ಅಂತ ಧೈರ್ಯವಾಗಿ ಬರ್ಕೊಳ್ಳಿ.

ಇಲ್ಲಿ ಜನ ಎಡವೋದು ಎರಡು ಕಡೆ. ಒಂದು, ನೀರು ಕನ್ನಡಿ ಥರ ಇದೆ ಹಾಗಾಗಿ ಚೆನ್ನಾಗಿದೆ ಅನ್ನೋದು. ಇನ್ನೊಂದು, ಡಿಸೆಂಬರ್ ಜನವರೀಲಿ ಪಲ್ಪಿಂಗ್ ನೀರು ಬಿಟ್ಟು ತೋಡು ಕಪ್ಪಾಗಿ ನಾರಿದಾಗ ಇದೇ ಸೂಪರ್‌ಬಗ್ (ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ) ಅನ್ನೋದು. ಪಲ್ಪಿಂಗ್ ನೀರು ಆಮ್ಲಜನಕ ತೆಗೆದು ಮೀನು ಸಾಯಿಸುತ್ತೆ, ಅದು ದೊಡ್ಡ ತಪ್ಪೇ, ಆದ್ರೆ ರೆಸಿಸ್ಟೆನ್ಸ್ ಬರೋದು ಹೆಚ್ಚಾಗಿ ಕಣ್ಣಿಗೆ ತಿಳಿಯಾಗೇ ಕಾಣೋ ಕಕ್ಕಸು ನೀರಿಂದ.

2. ಮನೇಲಿ ಮಾಡೋ ಬಾಟಲಿ ಟೆಸ್ಟ್

ಎಚ್‌ಟುಎಸ್ ಬಾಟಲಿ ಅಂತ ಸಿಗುತ್ತೆ, ಕೆಲವು ಪಂಚಾಯ್ತೀಲಿ ನೀರು ಪರೀಕ್ಷೆ ಕಿಟ್ ಜೊತೆ ಕೊಟ್ಟಿರ್ತಾರೆ, ಕೇಳಿ ನೋಡಿ. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಹಳ್ಳಿಗಳಿಗೆ ಅಂತ ಮಾಡಿದ ವಿಧಾನ ಇದು. ಗುರುತಿನ ತನಕ ನೀರು ತುಂಬಿ ಮುಚ್ಚಳ ಹಾಕಿ ಬೆಚ್ಚಗಿರೋ ಕಡೆ ಇಡೋದು. 24ರಿಂದ 48 ಗಂಟೇಲಿ ಕಪ್ಪಾದ್ರೆ ಮಲದ ಬ್ಯಾಕ್ಟೀರಿಯಾ ಇರೋ ಸಾಧ್ಯತೆ ಜಾಸ್ತಿ. ತುಂಬಾ ಕೆಟ್ಟ ನೀರಾದ್ರೆ ಮಾರನೇ ದಿನ ಬೆಳಿಗ್ಗೆನೇ ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತೆ.

ನಮ್ಮ ಕಡೆ ಒಂದು ತೊಂದ್ರೆ ಇದೆ, ಜುಲೈ ಆಗಸ್ಟ್ ಚಳೀಲಿ ಬಾಟಲಿ ಕಿಟಕಿ ಹತ್ರ ಇಟ್ರೆ ಬ್ಯಾಕ್ಟೀರಿಯಾ ಬೆಳೆಯೋದೇ ನಿಧಾನ, ಕಪ್ಪಾಗಿಲ್ಲ ಅಂತ ಖುಷಿ ಪಡ್ತೀರಿ. 30ರಿಂದ 37 ಡಿಗ್ರಿ ಬೇಕು, ಅದಕ್ಕೆ ಬಟ್ಟೆ ಸುತ್ತಿ ಒಲೆ ಪಕ್ಕ ಬೆಚ್ಚಗಿರೋ ಕಡೆ ಇಡಿ, ಒಲೆ ಮೇಲೆ ಅಲ್ಲ. ತೋಡಿನ ಮಣ್ಣಲ್ಲಿರೋ ಬೇರೆ ಬ್ಯಾಕ್ಟೀರಿಯಾದಿಂದಲೂ ಕೆಲವು ಸಲ ಕಪ್ಪಾಗುತ್ತೆ, ಕಪ್ಪಾಗದೇ ಇದ್ರೆ ನೂರಕ್ಕೆ ನೂರು ಶುದ್ಧ ಅಂತಾನೂ ಅಲ್ಲ. ಆದ್ರೂ ಪೈಪಿನ ಮೇಲ್ಗಡೆ ಒಂದು, ಕೆಳಗಡೆ ಒಂದು, ಬಾವಿದು ಒಂದು ಅಂತ ಮೂರು ಬಾಟಲಿ ಪಕ್ಕಪಕ್ಕ ಇಟ್ಟು ಯಾವುದು ಮೊದಲು ಕಪ್ಪಾಯ್ತು ನೋಡಿ, ಅದೇ ಎಷ್ಟೋ ಹೇಳುತ್ತೆ. ಮುಗಿದ ಮೇಲೆ ಬಾಟಲಿಗೆ ಒಂದು ಚಮಚ ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ಗಂಟೆ ಬಿಟ್ಟು ಕಕ್ಕಸಿಗೆ ಸುರೀರಿ, ಮಕ್ಕಳ ಕೈಗೆ ಸಿಗದಂಗೆ.

ಒಂದು ಕಟ್ಟುನಿಟ್ಟಿನ ಮಾತು: ವಿಡಿಯೋ ನೋಡಿ ಮನೇಲಿ ಅಗರ್ ಪ್ಲೇಟ್ ಮಾಡಿ ಮಾತ್ರೆ ಪುಡಿ ಹಾಕಿ ಬ್ಯಾಕ್ಟೀರಿಯಾ ಬೆಳೆಸೋಕೆ ಹೋಗ್ಬೇಡಿ. ನೀವು ಅಲ್ಲಿ ಆರಿಸಿ ಬೆಳೆಸ್ತಾ ಇರೋದು ಬಗ್ಗದೇ ಇರೋದನ್ನೇ.

3. ಲ್ಯಾಬಿಗೆ ಕೊಡೋದು

ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಲ್ಯಾಬ್‌ನಲ್ಲಿ ಸಾರ್ವಜನಿಕರ ನೀರೂ ಕಮ್ಮಿ ಫೀಸಿಗೆ ನೋಡಿಕೊಡ್ತಾರೆ. ಹೋಗೋ ಮೊದಲು ಫೋನ್ ಮಾಡಿ ಯಾವ ವಾರ ತಗೊಳ್ತೀರಿ, ಬಾಟಲಿ ನೀವೇ ಕೊಡ್ತೀರಾ ಅಂತ ಕೇಳಿ. ಬಿಸ್ಲೆರಿ ಬಾಟಲೀಲಿ ತುಂಬ್ಕೊಂಡು ಹೋದ್ರೆ ಸುಮ್ನೆ ಬಸ್ ಚಾರ್ಜ್ ದಂಡ, ಬ್ಯಾಕ್ಟೀರಿಯಾ ಟೆಸ್ಟಿಗೆ ಸ್ಟೆರೈಲ್ ಬಾಟಲಿನೇ ಬೇಕು, ಅಂದ್ರೆ ಒಳಗೆ ಯಾವ ಜೀವಾಣೂ ಇಲ್ಲದಂಗೆ ಬಿಸಿ ಮಾಡಿ ಮುಚ್ಚಿಟ್ಟಿರೋದು.

ತೋಡಲ್ಲಿ ನೀರು ಹಿಡಿಯುವಾಗ ನೀವು ಕೆಳಗಡೆ ನಿಂತು ಬಾಟಲಿ ಬಾಯಿ ಹರಿವಿಗೆ ಎದುರಾಗಿ ಒಂದು ಗೇಣು ಆಳದಲ್ಲಿ ಹಿಡೀರಿ, ನೀವು ಕಲಕಿದ ಮಣ್ಣು ಒಳಗೆ ಹೋಗ್ಬಾರದು. ಮುಚ್ಚಳದ ಒಳಭಾಗ ಮುಟ್ಟಬೇಡಿ, ಪೂರ್ತಿ ತುಂಬಿಸದೆ ಮೇಲೆ ಸ್ವಲ್ಪ ಗಾಳಿ ಬಿಡಿ. ಐಸ್ ಹಾಕಿದ ಡಬ್ಬೀಲಿಟ್ಟು ಆದಷ್ಟು 6 ಗಂಟೆ ಒಳಗೆ ಮುಟ್ಟಿಸಿ, ಯಾವ ಕಾರಣಕ್ಕೂ 24 ಗಂಟೆ ದಾಟಬಾರದು. ಬಾವಿಗೆ ಬ್ಲೀಚಿಂಗ್ ಹಾಕಿದ್ರೆ ಲ್ಯಾಬಿನವರಿಗೆ ಮೊದಲೇ ಹೇಳಿ, ಅದಕ್ಕೆ ಬೇರೆ ಬಾಟಲಿ ಕೊಡ್ತಾರೆ.

ರಿಪೋರ್ಟಲ್ಲಿ ನೋಡ್ಬೇಕಾದ್ದು ಇ. ಕೊಲೈ. ಮನುಷ್ಯ ಮತ್ತೆ ಪ್ರಾಣಿಗಳ ಕರುಳಲ್ಲಿರೋ ಬ್ಯಾಕ್ಟೀರಿಯಾ ಅದು, ನೀರಲ್ಲಿ ಕಂಡ್ರೆ ಮಲ ಸೇರಿದೆ ಅಂತ ಅರ್ಥ. ಕುಡಿಯೋ ನೀರಿನ 100 ಎಂಎಲ್‌ನಲ್ಲಿ ಒಂದೂ ಇರಬಾರದು. ಟೋಟಲ್ ಕೋಲಿಫಾರ್ಮ್ ಅಂತ ಇನ್ನೊಂದು ಸಾಲು ಇರುತ್ತೆ, ಇ. ಕೊಲೈ ಜೊತೆ ಅದರ ಬಂಧುಗಳೆಲ್ಲ ಸೇರಿದ ಲೆಕ್ಕ ಅದು, ಎಲೆ ಮಣ್ಣು ಬೀಳೋ ತೋಡಲ್ಲಿ ಅದು ಇದ್ದೇ ಇರುತ್ತೆ, ಅದೊಂದನ್ನೇ ನೋಡಿ ಗಾಬರಿ ಬೇಡ. ಸ್ನಾನದ ಹೊಳೆ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳೋ ಮಿತಿ ಮಲದ ಕೋಲಿಫಾರ್ಮ್ 100 ಎಂಎಲ್‌ಗೆ 500 ಒಳಗೆ ಇದ್ರೆ ಒಳ್ಳೇದು, ಅತಿ ಹೆಚ್ಚು ಅಂದ್ರೆ 2500.

ಒಂದೇ ಸಲ ಮಾಡಿಸಿ ಬಿಡಬೇಡಿ. ಏಪ್ರಿಲ್‌ನಲ್ಲಿ ನೀರು ಕಮ್ಮಿ ಇರುವಾಗ ಒಂದು, ಜೂನ್‌ನಲ್ಲಿ ಮೊದಲ ಜೋರು ಮಳೆಗೆ ಎಲ್ಲಾ ಗುಂಡಿ ತೊಳೆದು ಬರುತ್ತಲ್ಲ ಆಗ ಒಂದು.

4. ರೆಸಿಸ್ಟೆನ್ಸ್ ಟೆಸ್ಟ್ ನಿಜವಾಗ್ಲೂ ಬೇಕಾ?

ಒಂದು ಮನೆಯವರಿಗೆ ಬೇಡ ಅಂತಾನೇ ನನ್ನ ಅಭಿಪ್ರಾಯ. ಇ. ಕೊಲೈ ಇದೆ ಅಂತ ಗೊತ್ತಾದ್ರೆ ಮಾಡೋ ಕೆಲಸ ಒಂದೇ, ಅದು ಬಗ್ಗುತ್ತೋ ಇಲ್ವೋ ಅನ್ನೋದ್ರಿಂದ ಏನೂ ಬದಲಾಗಲ್ಲ. ಪಂಚಾಯ್ತಿ, ಕಾಲೇಜು, ಇಲ್ಲಾ ನಾಲ್ಕೈದು ತೋಟದವರು ಸೇರಿ ಮಾಡೋದಾದ್ರೆ ಮಾತ್ರ ಇಎಸ್‌ಬಿಎಲ್ ಇ. ಕೊಲೈ ಟೆಸ್ಟ್ ಅಂತ ಕೇಳಿ. ಇಎಸ್‌ಬಿಎಲ್ ಅಂದ್ರೆ ಸೆಫೊಟ್ಯಾಕ್ಸಿಮ್, ಸೆಫ್ಟ್ರಿಯಾಕ್ಸೋನ್ ಥರದ ಇಂಜೆಕ್ಷನ್‌ಗಳನ್ನ ಕತ್ತರಿಸಿ ಹಾಕೋ ಕಿಣ್ವ. ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯ, ಆಹಾರದ ಪ್ರಾಣಿ, ಪರಿಸರ ಮೂರರಲ್ಲೂ ಇದೊಂದನ್ನೇ ಅಳೆಯಿರಿ ಅಂತ ಹೇಳುತ್ತೆ. ಎಲ್ಲಾ ನೀರಿನ ಲ್ಯಾಬಲ್ಲಿ ಮಾಡಲ್ಲ, ಮೆಡಿಕಲ್ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗ ಇಲ್ಲಾ ಎನ್‌ಎಬಿಎಲ್ ಮಾನ್ಯತೆ ಇರೋ ಖಾಸಗಿ ಲ್ಯಾಬ್‌ನಲ್ಲಿ ವಿಚಾರಿಸಬೇಕು.

ಅದು ಹೇಗೆ ಕಾಣುತ್ತೆ ಅಂತ ಹೇಳ್ತೀನಿ. ಅಂಗೈಯಷ್ಟು ಅಗಲದ ಪ್ಲೇಟಲ್ಲಿ ಜೆಲ್ಲಿ ಇರುತ್ತೆ, ಅದರ ಮೇಲೆ ಬ್ಯಾಕ್ಟೀರಿಯಾ ಸವರಿ ಔಷಧಿ ಅದ್ದಿದ ಸಣ್ಣ ಸಣ್ಣ ಕಾಗದದ ಬಿಲ್ಲೆ ಇಡ್ತೀವಿ. ರಾತ್ರಿ ಕಳೆದು ಬೆಳಿಗ್ಗೆ ತೆಗೆದಾಗ ಇಡೀ ಜೆಲ್ಲಿ ಮೇಲೆ ತೆಳ್ಳಗೆ ಹಾಲಿನ ಕೆನೆ ಥರ ಬ್ಯಾಕ್ಟೀರಿಯಾ ಬೆಳೆದಿರುತ್ತೆ, ಕೆಲಸ ಮಾಡೋ ಔಷಧಿ ಸುತ್ತ ಮಾತ್ರ ದುಂಡಗೆ ಖಾಲಿ ಜಾಗ. ಬಗ್ಗದ ಬ್ಯಾಕ್ಟೀರಿಯಾ ಆದ್ರೆ ಆ ಖಾಲಿ ಜಾಗನೇ ಇರಲ್ಲ, ಕೆನೆ ಬಿಲ್ಲೆ ಅಂಚಿನ ತನಕ ಬಂದು ಮುಟ್ಟಿರುತ್ತೆ. ನಮ್ಮ ದೊಡ್ಡಮ್ಮನಿಗೆ ಉರಿಮೂತ್ರ ಆದಾಗ ಅವರ ಪ್ಲೇಟ್ ನಾನೇ ತೆಗೆದು ನೋಡಿದ್ದು, ಆರು ಬಿಲ್ಲೇಲಿ ನಾಲ್ಕರ ಸುತ್ತ ಖಾಲಿ ಜಾಗನೇ ಇರ್ಲಿಲ್ಲ, ಆವತ್ತಿಂದ ಈ ವಿಷಯ ನನಗೆ ಬರೀ ಡ್ಯೂಟಿ ಅಲ್ಲ.

5. ಕುಡಿಯೋ ನೀರು

ಔಷಧಿಗೇ ಬಗ್ಗದ್ದು ಕುದಿಸಿದ್ರೂ ಸಾಯಲ್ಲ ಅಂತ ಎಲ್ಲರೂ ತಪ್ಪು ತಿಳ್ಕೊಂಡಿದ್ದಾರೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಂಕಿಗೆ ಬಗ್ಗುತ್ತೆ. ನೀರು ಕೊತಕೊತ ಕುದಿ ಬಂದು ಒಂದು ನಿಮಿಷ ಕುದಿದ್ರೆ ಅದೂ ಸಾಯುತ್ತೆ, ನಮ್ಮ ಮಡಿಕೇರಿ ಎತ್ತರಕ್ಕೂ ಅಷ್ಟು ಸಾಕು. ಬಿಸಿ ಮಾಡಿ ಇಳಿಸೋದಲ್ಲ, ಕುದೀಬೇಕು, ಆಮೇಲೆ ಅದೇ ಪಾತ್ರೇಲಿ ಮುಚ್ಚಿಡಿ, ಲೋಟ ಅದ್ದಬೇಡಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕೋದಾದ್ರೆ ಅಂದಾಜಲ್ಲಿ ಸುರೀಬೇಡಿ, ಲೆಕ್ಕ ಇದೆ. 1000 ಲೀಟರ್‌ಗೆ ಒಳ್ಳೇ ಪೌಡರ್ ಸುಮಾರು 2.5 ಗ್ರಾಂ. ಬಾವಿ ಅಗಲ ಮೀಟರಲ್ಲಿ ಅಳೆದು ಅದನ್ನ ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ, ಬಂದದ್ದು ಎಷ್ಟು ಸಾವಿರ ಲೀಟರ್ ಅಂತ. 2 ಮೀಟರ್ ಅಗಲದ ರಿಂಗ್ ಬಾವೀಲಿ 3 ಮೀಟರ್ ನೀರಿದ್ರೆ ಸುಮಾರು 9,400 ಲೀಟರ್, ಅದಕ್ಕೆ 25 ಗ್ರಾಂ ಹತ್ರ. ಬಕೆಟಲ್ಲಿ ಮೊದಲು ಪೇಸ್ಟ್ ಮಾಡಿ, ನೀರು ಸೇರಿಸಿ ಕಲಕಿ, ಹತ್ತು ನಿಮಿಷ ಬಿಡಿ, ಅಡೀಲಿ ಸುಣ್ಣ ಕೂರುತ್ತೆ, ಮೇಲಿನ ತಿಳಿ ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ ಅದನ್ನ ಬಾವೀಲಿ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಆದ್ರೂ ಬಿಟ್ಟು ಬಳಸಿ, ರಾತ್ರಿ ಹಾಕಿ ಬೆಳಿಗ್ಗೆ ಸೇದಿದ್ರೆ ಇನ್ನೂ ಒಳ್ಳೇದು. ಗಾಳಿಗೆ ತೆರೆದಿಟ್ಟ ಹಳೇ ಪೌಡರ್‌ಗೆ ಶಕ್ತಿ ಇರಲ್ಲ. ಮಳೇಲಿ ಬಾವಿ ನೀರು ಕೆಂಪಾಗಿದ್ದಾಗ ಕ್ಲೋರಿನ್ ಮಣ್ಣಿಗೇ ಖರ್ಚಾಗಿಹೋಗುತ್ತೆ, ಆಗ ಕುದಿಸೋದೇ ಗತಿ.

6. ದಾರಿ ಮುಚ್ಚೋದು

ಕಕ್ಕಸಿಂದ ಶುರು ಮಾಡಿ. ಬಾವಿಗೂ ಇಂಗುಗುಂಡಿಗೂ ಕನಿಷ್ಠ 15 ಮೀಟರ್ ಅಂದ್ರೆ 50 ಅಡಿ ಇರ್ಬೇಕು, ಗುಂಡಿ ಇಳಿಜಾರಿನ ಕೆಳಗಡೆ ಇರ್ಬೇಕು. ಸೆಪ್ಟಿಕ್ ಟ್ಯಾಂಕಿನ ನೀರು ತೋಡಿಗೆ ಅಲ್ಲ, ಇಂಗುಗುಂಡಿಗೆ. ಮಳೆಗಾಲದಲ್ಲಿ ನೆಲದ ನೀರು ಮೇಲೆ ಬರೋ ಗದ್ದೆ ಬದೀಲಿ ಆಳದ ಗುಂಡಿ ತೆಗೆದ್ರೆ ಮಲ ನೇರ ನೀರಿಗೇ ಸೇರುತ್ತೆ, ಅಂಥ ಕಡೆ ಆಳ ಕಮ್ಮಿ ಮಾಡಿ ಎತ್ತರದ ಜಾಗಕ್ಕೆ ಹೋಗಿ. ಲೈನ್ ಮನೆಗಳಿಗೆ ಸರಿಯಾದ ಕಕ್ಕಸು ಕಟ್ಟಿಸೋದು ತೋಟದ ಮಾಲೀಕರ ಕೆಲಸ. ಅಲ್ಲಿರೋರನ್ನ ಬೈದು ಏನೂ ಪ್ರಯೋಜನ ಇಲ್ಲ, ಗುಂಡಿ ಇಲ್ಲದೇ ಇದ್ರೆ ಅವರಾದ್ರೂ ಎಲ್ಲಿಗೆ ಹೋಗ್ಬೇಕು.

ಹಂದಿ, ಕೋಳಿ, ದನ. ಬೆಳವಣಿಗೆ ಚೆನ್ನಾಗಿ ಆಗಲಿ ಅಂತ ಫೀಡಿಗೆ ಆಂಟಿಬಯೋಟಿಕ್ ಪುಡಿ ಸೇರಿಸೋದು ಬಿಡಿ. ಕೊಲಿಸ್ಟಿನ್ ಅನ್ನೋ ಔಷಧಿನ ಆಹಾರಕ್ಕೆ ಸಾಕೋ ಪ್ರಾಣಿಗಳಿಗೆ ಕೊಡ್ಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧ ಮಾಡಿದೆ, ಚೀಲದ ಮೇಲೆ ಆ ಹೆಸರು ಕಂಡ್ರೆ ವಾಪಸ್ ಕೊಡಿ. ಕಾಯಿಲೆ ಬಂದ ಪ್ರಾಣಿಗೆ ವೆಟರ್ನರಿ ಡಾಕ್ಟರ್ ಬರೆದ್ರೆ ಕೊಡಿ. ಕೆಚ್ಚಲು ಬಾವು ಬಂದು ಔಷಧಿ ಟ್ಯೂಬ್ ಏರಿಸಿದ ಹಸುವಿನ ಹಾಲು ಲೇಬಲ್ ಮೇಲೆ ಬರೆದಷ್ಟು ದಿನ ಡೈರಿಗೂ ಬೇಡ, ಕರುಗೂ ಬೇಡ, ತೋಡಿಗೂ ಬೇಡ, ತೋಡಿಂದ ದೂರ ಒಣ ನೆಲದಲ್ಲಿ ಗುಂಡಿ ತೆಗೆದು ಹಾಕಿ. ಹಂದಿ ಶೆಡ್ ತೊಳೆದ ನೀರಿಗೆ ಬೇರೆ ಗುಂಡಿ ಮಾಡಿ, ಗೊಬ್ಬರ ರಾಶಿ ಹಾಕಿ ಮೇಲೆ ಶೀಟ್ ಹೊದಿಸಿ ಹಲವು ಸಲ ಮಗುಚಿ. ಒಳಗೆ ಕೈ ಇಡೋಕೆ ಆಗದಷ್ಟು ಬಿಸಿ, 55 ಡಿಗ್ರಿ ಮೇಲೆ, ದಿನಗಟ್ಟಲೆ ಇದ್ರೆ ಬಗ್ಗದ ಬ್ಯಾಕ್ಟೀರಿಯಾ ಬಹಳಷ್ಟು ಸಾಯುತ್ತೆ. ಹಸಿ ಗೊಬ್ಬರ ಮೇ ಕೊನೇಲಿ ತೋಟಕ್ಕೆ ಎರಚಿದ್ರೆ ಮೊದಲ ಮಳೇಲಿ ಅರ್ಧ ತೋಡಲ್ಲಿ.

ಶುಂಠಿ, ಭತ್ತ ಹಾಕೋರು ಗಮನ ಕೊಡಿ. ಸ್ಟ್ರೆಪ್ಟೋಸೈಕ್ಲಿನ್ ಅಂತ ಸಣ್ಣ ಪೊಟ್ಟಣದಲ್ಲಿ ಬರುತ್ತಲ್ಲ, ಅದು ಬೇರೆ ಏನೋ ಕೀಟನಾಶಕ ಅಲ್ಲ, ಸ್ಟ್ರೆಪ್ಟೋಮೈಸಿನ್ ಮತ್ತೆ ಟೆಟ್ರಾಸೈಕ್ಲಿನ್, ಎರಡೂ ಆಂಟಿಬಯೋಟಿಕ್. ಸ್ಟ್ರೆಪ್ಟೋಮೈಸಿನ್ ಟಿಬಿಗೆ ಸಿಕ್ಕ ಮೊದಲ ಔಷಧಿ. ಶುಂಠಿ ಕೊಳೆಗೆ ಒಳ್ಳೇ ಬಿತ್ತನೆ ಗಡ್ಡೆ, ನೀರು ನಿಲ್ಲದ ಏರಿ, ಅದೇ ಗದ್ದೇಲಿ ವರ್ಷ ವರ್ಷ ಶುಂಠಿ ಹಾಕದೇ ಇರೋದು, ಇವೇ ದಾರಿ. ಕಾಫಿ ಮೆಣಸಿಗೆ ಹೊಡೆಯೋ ಬೋರ್ಡೋ ದ್ರಾವಣ ಆಂಟಿಬಯೋಟಿಕ್ ಅಲ್ಲ, ಆದ್ರೆ ಅದರಲ್ಲಿರೋ ಮೈಲುತುತ್ತದ ತಾಮ್ರ ತಡ್ಕೊಳ್ಳೋ ಬ್ಯಾಕ್ಟೀರಿಯಾಕ್ಕೆ ಎಷ್ಟೋ ಸಲ ಔಷಧಿ ತಡ್ಕೊಳ್ಳೋ ಜೀನೂ ಜೊತೇಲೇ ಇರುತ್ತೆ. ಹೊಡೀಬೇಡಿ ಅಂತ ಹೇಳ್ತಿಲ್ಲ, ಡ್ರಮ್ಮು ಪಂಪು ತೋಡಲ್ಲಿ ತೊಳೀಬೇಡಿ.

ಉಳಿದ ಮಾತ್ರೆ ಸಿರಪ್ ಕಕ್ಕಸಿಗೆ ಸಿಂಕಿಗೆ ಹಾಕ್ಬೇಡಿ. ವಾಪಸ್ ತಗೊಳ್ಳೋ ಮೆಡಿಕಲ್ ಶಾಪ್ ಇದ್ರೆ ಅಲ್ಲಿಗೆ ಕೊಡಿ, ಇಲ್ಲಾಂದ್ರೆ ಶೀಟಿಂದ ಬಿಡಿಸಿ ಬಳಸಿದ ಕಾಫಿ ಚರಟಕ್ಕೆ ಕಲಸಿ ಗಟ್ಟಿ ಕವರಲ್ಲಿ ಕಟ್ಟಿ ಪಂಚಾಯ್ತಿ ಕಸದ ಗಾಡಿಗೆ ಹಾಕಿ.

7. ಮೈಗೆ ಹುಷಾರಿಲ್ಲದಾಗ

ಬರೀ ನೀರು ಭೇದಿಗೆ ಆಂಟಿಬಯೋಟಿಕ್ ಹೆಚ್ಚಿನ ಸಲ ಬೇಕಾಗಲ್ಲ, ಓಆರ್‌ಎಸ್ ಬೇಕು, ಮಕ್ಕಳಿಗೆ ಜೊತೆಗೆ ಝಿಂಕ್. ರಕ್ತ ಬಿದ್ರೆ, ಜ್ವರ ಜೋರಿದ್ರೆ, ಮಗು ಸುಸ್ತಾಗಿ ಮಲಗಿಬಿಟ್ರೆ ಆಸ್ಪತ್ರೆಗೆ. ಮೆಡಿಕಲ್ ಶಾಪಲ್ಲಿ ನಿಂತು "ಎರಡು ಆಂಟಿಬಯೋಟಿಕ್ ಕೊಡಿ" ಅನ್ನೋದು ನಿಲ್ಲಿಸಿ, ಶೀಟಿನ ಮೇಲೆ ಕೆಂಪು ಗೆರೆ ಇದ್ರೆ ಚೀಟಿ ಇಲ್ಲದೆ ತಗೊಳ್ಳೋ ಹಾಗಿಲ್ಲ ಅಂತ ಅರ್ಥ.

ಹಾಗಂತ ಆಂಟಿಬಯೋಟಿಕ್ ಅಂದ್ರೇನೇ ಬೇಡ ಅನ್ಬೇಡಿ. ಗದ್ದೆ ಕೆಲಸ ಮಾಡಿದ ಮೇಲೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಬಂದ್ರೆ ಇಲಿ ಜ್ವರ ಇರ್ಬಹುದು, ಅವತ್ತೇ ಡಾಕ್ಟರ್ ಹತ್ರ ಹೋಗಿ ನೀರಲ್ಲಿ ನಿಂತಿದ್ದೆ ಅಂತ ಹೇಳಿ, ಅಲ್ಲಿ ಸರಿಯಾದ ಔಷಧಿ ಬೇಗ ಸಿಗೋದೇ ಜೀವ ಉಳಿಸುತ್ತೆ. ಉರಿಮೂತ್ರ ಮತ್ತೆ ಮತ್ತೆ ಬಂದ್ರೆ ಕಲ್ಚರ್ ಮಾಡಿಸೋಣ್ವಾ ಅಂತ ಡಾಕ್ಟರನ್ನ ಕೇಳಿ, ಸ್ಯಾಂಪಲ್ ಮಾತ್ರೆ ಶುರು ಮಾಡೋಕೆ ಮೊದಲೇ ಕೊಡ್ಬೇಕು. ರಿಪೋರ್ಟಲ್ಲಿ ಔಷಧಿ ಹೆಸರಿನ ಮುಂದೆ ಎಸ್ ಇದ್ರೆ ಕೆಲಸ ಮಾಡುತ್ತೆ, ಆರ್ ಇದ್ರೆ ಮಾಡಲ್ಲ, ಐ ಇದ್ರೆ ಡಾಕ್ಟರ್ ಡೋಸ್ ನೋಡಿ ತೀರ್ಮಾನ ಮಾಡ್ತಾರೆ. ಎಸ್ ನೋಡ್ಕೊಂಡು ನೀವೇ ಹೋಗಿ ತಗೋಬೇಡಿ. ಆ ರಿಪೋರ್ಟ್ ಬಿಸಾಡದೆ ಇಟ್ಕೊಳ್ಳಿ, ಮುಂದಿನ ಸಲ ಕೈಯಲ್ಲಿ ಹಿಡ್ಕೊಂಡೇ ಹೋಗಿ.

8. ಮೇಲಿನವರು ಪೈಪು ತೆಗೀದೇ ಇದ್ರೆ

ಮೊದಲು ಹೋಗಿ ಮಾತಾಡಿ, ನಿಮ್ಮ ನಕ್ಷೆ ಮತ್ತೆ ಆ ಮೂರು ಬಾಟಲಿ ಫೋಟೋ ತಗೊಂಡು ಹೋಗಿ, ಕಪ್ಪಾದ ಬಾಟಲಿ ತೋರಿಸಿದ್ರೆ ಅರ್ಧ ಜನ ಒಪ್ಕೊಳ್ತಾರೆ. ಒಪ್ಪದೇ ಇದ್ರೆ ಪಿಡಿಒಗೆ ಲಿಖಿತ ಅರ್ಜಿ, ಅದರ ನಕಲಿಗೆ ಸೀಲ್ ಹಾಕಿಸ್ಕೊಳ್ಳಿ, ಗ್ರಾಮಸಭೇಲೂ ಎತ್ತಿ. ಅಲ್ಲೂ ಆಗದಿದ್ರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದೆ, 1974ರ ಜಲ ಕಾಯ್ದೆ 24ನೇ ಸೆಕ್ಷನ್ ಪ್ರಕಾರ ತೋಡಿಗೆ ಮಾಲಿನ್ಯ ಬಿಡೋ ಹಾಗಿಲ್ಲ. ಕ್ಲಿನಿಕ್ ಆಸ್ಪತ್ರೆಯ ಕೊಳಚೆ ಆದ್ರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಾನೂ ಬರೀರಿ, ಅವರ ದ್ರವ ತ್ಯಾಜ್ಯ ಸಂಸ್ಕರಣೆ ಆಗದೆ ಹೊರಗೆ ಬರೋ ಹಾಗಿಲ್ಲ.

ಅರ್ಜೀಲಿ "ಸೂಪರ್‌ಬಗ್ ಇದೆ" ಅಂತ ಬರೀಬೇಡಿ, ಎಲ್ಲಿದೆ ತೋರಿಸಿ ಅಂತಾರೆ, ಅಲ್ಲಿಗೆ ಅರ್ಜಿ ಮುಗೀತು. ತಾರೀಖು, ಪೈಪು ಎಲ್ಲಿದೆ, ಅದರ ಮೇಲ್ಗಡೆ ಇ. ಕೊಲೈ ಎಷ್ಟು, ಕೆಳಗಡೆ ಎಷ್ಟು, ಕೆಳಗಡೆ ಎಷ್ಟು ಮನೆ ಆ ನೀರು ಬಳಸ್ತಾರೆ, ಇಷ್ಟು ಬರೆದು ಲ್ಯಾಬ್ ರಿಪೋರ್ಟ್ ಲಗತ್ತಿಸಿ. ಪೈಪು ತೆಗೆದ ಮೇಲೆ ಒಂದು ತಿಂಗಳು ಬಿಟ್ಟು ಅದೇ ಎರಡು ಜಾಗದಿಂದ ಮತ್ತೆ ನೀರು ಹಿಡಿದು ಕೊಡಿ.